ಅರ್ಜುನನ ಜೋಡಿ

“ಈ ಮೀನಿನ ಮರಿ ಬೆರಕಿ ಅಂದ್ರ ಬೆರಕಿ. ನಿನ್ನ ಮಾರಿ ನೋಡಿ ಚಲೋ ಅದಾವು ಅನ್ನಾಕ ಬರೂದಿಲ್ಲ,” ಎಂದ ಮುತ್ತಪ್ಪ.

“ಮೋಟರ್ ಕೂಡ್ಸಾಕ ಕರದೇನಿ, ಕುಲ ಹೇಳಾಕಲ್ಲ. ಬಾಯಿ ಮುಚ್ಚು,” ಎಂದು ಸುಭಾಸ ಗುಡುಗಿದ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಮುತ್ತಪ್ಪನದು ಬೈಲಹೊಂಗಲದ ಪೇಟೆಯಲ್ಲಿ ಸಾಕುಮೀನಿನ ಅಂಗಡಿ. ಸುಭಾಸನ ಜೊತೆ ಸಾಲಿ ಕಲಿತವನು. ಸುಭಾಸನ ಮನೆಯ ಗಾಜಿನ ಮೀನಿನ ತೊಟ್ಟಿಗೆ ಗಾಳಿ ಊದುವ ಮೋಟರ್ ಸುಟ್ಟಿತ್ತು. ಹೊಸದನ್ನು ಕೂಡಿಸಲು ಬಂದವನು ಮೂಲೆಯಲ್ಲಿ ಗುಂಪುಗೂಡಿದ್ದ ಹಳದಿ ಸಿಕ್ಲಿಡ್ ಮೀನಿನ ಮರಿಗಳನ್ನು ಕಂಡು ಕನ್ನಡಕ ಹಾಕಿಕೊಂಡ. ಅದೇ ತಪ್ಪಾಯಿತು.

ತೊಟ್ಟಿಯ ಜೋಡಿಮೀನನ್ನು ಕೊಟ್ಟವನು ಅವನೇ. ಕೊಟ್ಟದ್ದು ಸುಭಾಸನ ಮಗ ಅರ್ಜುನನಿಗೆ. ಅರ್ಜುನ ತೀರಿಕೊಂಡು ಎರಡು ವರ್ಷ. ಬೈಕು ಗುಜರಿಗೆ ಹೋಯಿತು. ಬಟ್ಟೆಗಳನ್ನು ಯಾರಿಗೋ ಕೊಟ್ಟರು. ಮೀನು ಉಳಿದವು. ಮಗ ಹೋದ ಹೊಸದರಲ್ಲಿ ಸುಭಾಸನ ಹೆಂಡತಿ ಯಶೋಧಾ ಅನ್ನ ಬಿಟ್ಟಿದ್ದಳು. ಒಂದು ದಿನ ಮೀನಿಗೆ ಕಾಳು ಹಾಕಿ, ಅವು ತಿನ್ನುವುದನ್ನು ನೋಡುತ್ತ ನೋಡುತ್ತ ತಾನೂ ಒಂದು ತುತ್ತು ಬಾಯಿಗಿಟ್ಟಳು. ಅಂದಿನಿಂದ ಅದೇ ರೂಢಿ. ಮೊದಲು ಮೀನು, ಆಮೇಲೆ ಅವಳು.

ಮುತ್ತಪ್ಪ ಗಾಜಿಗೆ ಬೆರಳು ಹಚ್ಚಿದ. “ಇಲ್ಲಿ ನೋಡು. ನನ್ನ ತಳಿಗೆ ಬೆನ್ನಿನ ರೆಕ್ಕಿ ಮ್ಯಾಲ ಕಾಡಿಗಿ ಎಳದಂಗ ಒಂದ ಕರೇ ಗೆರಿ, ತಲಿಯಿಂದ ಬಾಲದತನಕ. ಇದಕ್ಕ ಅರ್ಧ ಐತಿ. ಇದಕ್ಕ ಇಲ್ಲೇ ಇಲ್ಲ. ಇದರ ಹೊಟ್ಟಿ ಮ್ಯಾಲ ಪಟ್ಟಾ ಮೂಡ್ಯಾವು. ಒಂದ ತೆನಿ ಜ್ವಾಳ ಒಂದ ನಮೂನಿ ಇರತಾವು. ಇವು ಕಿರಾಣಿ ಅಂಗಡಿ ಕಸ ಹೊಡದು ಗುಡ್ಡಿ ಹಾಕಿದಂಗ ಅದಾವು.”

“ಸಣ್ಣುವು ಅದಾವು. ಬೆಳದ ಮ್ಯಾಲ ಗೆರಿ ಬರತೈತಿ.”

“ಹೂಂ. ನಿನಗ ಮೀಸಿ ಬಂದಂಗ.”

ಐವತ್ತು ದಾಟಿದರೂ ಸುಭಾಸನ ಮೀಸೆ ದಟ್ಟವಾಗಿರಲಿಲ್ಲ. ಬೇರೆ ದಿನವಾಗಿದ್ದರೆ ಅವನೂ ನಗುತ್ತಿದ್ದ.

ಯಶೋಧಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. “ಇರ್ಲಿ ಬಿಡ್ರಿ ಅಣ್ಣಾರ. ಹೆಂಗಿದ್ರೂ ನಮ್ಮ ಅರ್ಜುನನ ಜೋಡಿ ಮರಿ. ಮುನವಳ್ಳಿಯಿಂದ ನನ್ನ ತಂಗಿ ಮಗಳು ಬರಾಕತ್ತಾಳ. ಅಣ್ಣನ ಮೀನಿನ ಮರಿ ಬೇಕಂತ. ಆಕಿ ಮುಂದ ಹಿಂಗ ಅನಬ್ಯಾಡ್ರಿ.”

“ಅದಕ್ಕ ಹೇಳಾಕತ್ತೇನವಾ. ಅರ್ಜುನನ ಹೆಸರ ಹೇಳಿ ಕೊಡೂದು ಅಂದ್ರ...”

ತೊಟ್ಟಿಯೊಳಗೆ ಹೆಣ್ಣು ಮೀನು ಗಾಜಿನ ಹತ್ತಿರವೇ ಅಡ್ಡಾಡುತ್ತಿತ್ತು. ಗಂಡು ಕಲ್ಲಿನ ಹಿಂದೆ ಅಡಗಿತ್ತು. ಬಾಲದ ತುದಿಯಷ್ಟೇ ಕಾಣುತ್ತಿತ್ತು.

ಹೋದ ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಈ ಹೆಣ್ಣಿಗಾಗಿಯೇ ಯಶೋಧಾ ತೊಟ್ಟಿಗೆ ಟವೆಲ್ ಹೊದಿಸಿದ್ದಳು. ಈ ಜಾತಿಯ ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಹಿಡಿದು ಉಪವಾಸ ಕೂರುತ್ತದೆ. ಯಾರಾದರೂ ಬಗ್ಗಿ ನೋಡಿದರೆ ಹೆದರಿ ನುಂಗಿಬಿಡುತ್ತದೆ ಎಂದು ಸುಭಾಸನನ್ನೂ ಹತ್ತಿರ ಬಿಡಲಿಲ್ಲ. ಸವದತ್ತಿ ಗುಡ್ಡಕ್ಕೆ ಹೋಗಿ ಹರಕೆ ತೀರಿಸಿ, ಅಲ್ಲಿನ ಎಣ್ಣೆಹೊಂಡದ ತೀರ್ಥವನ್ನು ಸ್ಟೀಲಿನ ಕ್ಯಾನಿನಲ್ಲಿ ತುಂಬಿ, ಅದರ ಬಾಯಿಗೆ ಖಣದ ಬಟ್ಟೆ ಕಟ್ಟಿಕೊಂಡು ಬಂದಳು. ಮೈಲಿಗೆಯಾಗುತ್ತದೆಂದು ಬಸ್ ಸ್ಟ್ಯಾಂಡಿನಿಂದ ಮನೆಯತನಕ ಅದನ್ನು ಗಂಡನ ಕೈಗೂ ಕೊಡಲಿಲ್ಲ. ಮರುದಿನ ಟವೆಲ್ ತೆಗೆದಳು. ಆ ಸಲ ಮರಿ ದಕ್ಕಲಿಲ್ಲ. ಈ ಸಲ ದಕ್ಕಿದ್ದವು.

“ಕೊಡೂದು ಅಂದ್ರ ಏನು?” ಸುಭಾಸ ಮುತ್ತಪ್ಪನ ಎದೆಗೆ ಎದೆ ಕೊಟ್ಟು ನಿಂತ. “ಬೆರಕಿ ಇದ್ರ ಬೆರಕಿ ಕೊಟ್ಟಾಂವ ನೀನ. ಹುಡುಗಗ ಏನ ತಿಳೀತೈತಿ ಅಂತ ಅಂಗಡ್ಯಾಗಿನ ಹೊಲಸ ದಾಟಿಸಿದಿ. ನನ್ನ ಮಗಗ ಮೋಸ ಮಾಡಿದ ಕಳ್ಳ ನೀ.”

ಮುತ್ತಪ್ಪ ಯಶೋಧಾಳ ಮುಖ ನೋಡಿದ. ಅವಳಾದರೂ ಒಂದು ಮಾತು ಅಂದಾಳೆಂದು ಕಾದ. ಅವಳು ತಲೆ ತಗ್ಗಿಸಿ ಬೆರಳಿನ ಹಿಟ್ಟು ತಿಕ್ಕುತ್ತಿದ್ದಳು. ಅವನು ಕನ್ನಡಕವನ್ನು ಜೇಬಿಗಿಟ್ಟು, ಚಪ್ಪಲಿ ಮೆಟ್ಟಿ ಹೊರನಡೆದ.

ಓಣಿಯ ತಿರುವಿನಲ್ಲಿ ಸುಭಾಸ ಅವನ ತೋಳು ಹಿಡಿದ. ಒದರಾಡಿ ಗಂಟಲು ಬಿದ್ದಿತ್ತು.

“ತಪ್ಪಾತು ಮುತ್ತಪ್ಪ. ಆಕಿ ಕೇಳಾಕತ್ತಿದ್ಲು. ನಿನ್ನ ಬಾಯಿ ಮುಚ್ಚಸಾಕ ಬ್ಯಾರೆ ದಾರಿ ಸಿಗಲಿಲ್ಲ. ಹೋದ ಮಳಿಗಾಲದಾಗ ಕರೆಂಟ್ ಹೋಗಿ ಗಂಡು ಸತ್ತಿತು. ಆಕಿ ಏಳೂದರಾಗ ತಗದು ತಿಪ್ಪ್ಯಾಗ ಹುಗದೆ. ಹಾಲಿನ ಟೆಂಪೋ ತಗೊಂಡು ರಾಮದುರ್ಗಕ್ಕ ಹೋಗಿ, ಅಂಥಾದ್ದ ಒಂದು ಹುಡುಕಿ ತಂದು ಬಿಟ್ಟೆ. ನಿನ್ನ ಅಂಗಡಿಗೆ ಬಂದಿದ್ರ ಸುದ್ದಿ ಆಕಿಗೆ ಮುಟ್ಟತಿತ್ತು. ಆ ಎರಡು ಮೀನ ಅದಾವಂತ ಆಕಿ ತುತ್ತು ನುಂಗತಾಳ. ಗಂಡು ಬ್ಯಾರೆ ಅಂತ ಎಲ್ಲೂ ಬಾಯಿ ಬಿಡಬ್ಯಾಡ.”

ಮುತ್ತಪ್ಪ ಅವನ ಕೈಯನ್ನು ಮೆಲ್ಲಗೆ ಬಿಡಿಸಿದ. ಅವನ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ, ಬರೀ ದಣಿವಿತ್ತು.

“ಗಂಡು ನಾ ನೋಡೇ ಇಲ್ಲೋ. ಅದು ಕಲ್ಲಿನ ಹಿಂದ ಕುಂತಿತ್ತು. ನಾ ನೋಡಿದ್ದು ಹೆಣ್ಣ. ಅದರ ಗೆರಿ ನಡುವ ಹರದೈತಿ. ಅದು ನಾ ಕೊಟ್ಟದ್ದಲ್ಲ.”

ಸುಭಾಸ ಮತ್ತೆ ಅವನ ತೋಳು ಹಿಡಿದ. “ಮನಿಗೆ ಬಾ,” ಎಂದ.

“ಬಂದು ಏನ ಹೇಳಲಿ? ನಾ ಕಳ್ಳ ಅಲ್ಲ ಅನ್ನಬೇಕಂದ್ರ ಗಂಡು ಸತ್ತದ್ದ ಹೇಳಬೇಕು. ಇರ್ಲಿ. ಕಳ್ಳ ಆಗೇ ಇರತೇನಿ.”

ಮುತ್ತಪ್ಪ ಪೇಟೆಯ ಕಡೆ ನಡೆದ. ಆ ಓಣಿಗೆ ಅವನು ಮತ್ತೆ ಕಾಲಿಡಲಿಲ್ಲ.

ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಸುರುವಾಗಿತ್ತು. ಸುಭಾಸ ಕಾಲು ಸಹ ತೊಳೆಯದೆ ದೇವರ ಜಗುಲಿಯ ಮುಂದೆ ನಿಂತ. ಹುಣ್ಣಿಮೆಯಿಂದ ಯಾರೂ ಮುಟ್ಟದಿದ್ದ ತೀರ್ಥದ ಕ್ಯಾನನ್ನು ಇಳಿಸಿ, ಬಾಯಿಗೆ ಕಟ್ಟಿದ್ದ ಖಣವನ್ನು ಬಿಚ್ಚಿದ.

ಮುಚ್ಚಳದ ತುಂಬ ಗಾಳಿಯಾಡಲೆಂದು ಮೊಳೆಯಿಂದ ಹೊಡೆದ ತೂತುಗಳಿದ್ದವು.