ಕೆಂಪಿಯ ಬಾಣಂತನ

ಆಟೋದಿಂದ ಕೆಂಪಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದ ಸೊಸೆ ಮಮತಾ, ಜಗಲಿಯ ಗೋಣಿಚೀಲದ ಮೇಲೆ ಮೆಲ್ಲನೆ ಮಲಗಿಸಿದಳು. ನಾಯಿ ಹೊಲಿಗೆ ನೆಕ್ಕದಿರಲೆಂದು ಹೊಟ್ಟೆಗೆ ಹಳೆಯ ಬಟ್ಟೆ ಸುತ್ತಿದ್ದರು. ನಂಜುಂಡಯ್ಯನವರು ಒಮ್ಮೆ ನೋಡಿ ಮುಖ ತಿರುಗಿಸಿದರು.

"ಆಯ್ತಲ್ಲ ಆಪರೇಷನ್ನು? ನಿಮ್ಮತ್ತೆ ಹೋಗಿ ವರ್ಷ ತುಂಬಿಲ್ಲ, ಅವಳು ತಂದ ತಳೀನೂ ಮುಗಿಸ್ಬುಟ್ಟೆ."

"ನಾನೇನ್ ಸಂತೋಷಕ್ಕೆ ಮಾಡಿಸಿದ್ನಾ ಮಾವ? ಹೋದ ಸಲ ಮರಿ ಹೊಟ್ಟೇಲೇ ಸತ್ತು ಎಷ್ಟು ಒದ್ದಾಡ್ತು, ನೀವೇ ನೋಡಿದ್ರಿ. ಇನ್ನೊಂದ್ಸಲ ಬಸುರಾದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು."

ಮದುವೆಯಾದ ಹೊಸತರಲ್ಲಿ ನಂಜುಂಡಯ್ಯನವರ ಹೆಂಡತಿ ವರಲಕ್ಷ್ಮಮ್ಮ ಕಲ್ಯ ಎಂಬ ಹಳ್ಳಿಯ ತವರಿನಿಂದ ಒಂದು ಕೆಂಚು ಮರಿಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಬಸ್ಸು ಹತ್ತಿದ್ದರು. ಗಂಡನ ಊರು ತಿಪ್ಪಸಂದ್ರ ಬರುವಷ್ಟರಲ್ಲಿ ಅದು ಹೊಸ ಸೀರೆಯನ್ನೆಲ್ಲ ಒದ್ದೆ ಮಾಡಿತ್ತು. ಆಕೆ ನಗುತ್ತಲೇ ಇಳಿದಿದ್ದರು. ಅಂದಿನಿಂದ ಪ್ರತಿ ತಲೆಮಾರಿನಲ್ಲೂ ಒಂದು ಹೆಣ್ಣುಮರಿ ಮನೆಯಲ್ಲೇ ಉಳಿಯುತ್ತಿತ್ತು. ತಾಯಿಯ ಹೆಸರೇ ಮಗಳಿಗೂ. ನಾಯಿಗಳು ಸತ್ತರೂ ಕೆಂಪಿ ಎಂಬ ಕೂಗು ಆ ಮನೆಯಲ್ಲಿ ನಿಂತದ್ದೇ ಇಲ್ಲ.

ಮಧ್ಯಾಹ್ನ ಕಳೆದರೂ ಕೆಂಪಿ ತಟ್ಟೆಯ ಕಡೆ ಮೂತಿ ಹಾಕಲಿಲ್ಲ. ಅನ್ನ ಕಲಸಿಟ್ಟರೂ ಇಲ್ಲ, ಮೊಸರಿಟ್ಟರೂ ಇಲ್ಲ.

"ಹೊಟ್ಟೆಗೆ ಬೀಳ್ದೆ ಮಾತ್ರೆ ಕೊಡೋ ಹಂಗಿಲ್ಲ ಮಾವ. ಮಾತ್ರೆ ಕೊಡ್ದಿದ್ರೆ ಗಾಯ ಕೀವು ಕಟ್ಟುತ್ತಂತೆ," ಎನ್ನುತ್ತ ಮಮತಾ ತಟ್ಟೆಯನ್ನು ಕೆಂಪಿಯ ಮೂತಿಗೆ ಇನ್ನಷ್ಟು ಹತ್ತಿರ ಸರಿಸಿದಳು.

ಸಂಜೆಯ ಪೂಜೆಗೆ ಸ್ನಾನ ಮುಗಿಸಿ, ವಿಭೂತಿ ಧರಿಸಿ ನಿಂತಿದ್ದರು ನಂಜುಂಡಯ್ಯನವರು. ಮಡಿಯಲ್ಲಿರುವಾಗ ನಾಯಿ ಸೋಕಿದರೆ ಮತ್ತೆ ತಲೆಗೆ ನೀರು ಹಾಕಿಕೊಳ್ಳುವವರು. ಮರಿ ಹಾಕಿದ ನಾಯಿಗೆ ಹೆಂಡತಿ ರಾಗಿಗಂಜಿ ಕಾಯಿಸಿ ಅಂಗೈಯಲ್ಲೇ ಕುಡಿಸುತ್ತಿದ್ದುದು ಕಣ್ಣಿಗೆ ಕಟ್ಟಿತು. ಒಲೆಯ ಮುಂದೆ ಹೋಗಿ ನಿಂತರು.

"ಬೆಲ್ಲ ಎಲ್ಲಿಟ್ಟಿದ್ದೀಯವ್ವ?"

"ಬೆಲ್ಲ ಬೇಡ, ಉಪ್ಪೂ ಬೇಡ. ತೆಳ್ಳಗಿರ್ಲಿ ಸಾಕು."

ಆರಿದ ಗಂಜಿಯನ್ನು ಅಂಗೈಗೆ ಸುರಿದುಕೊಂಡು ಗೋಣಿಯ ಪಕ್ಕ ಕುಳಿತರು. "ಕೆಂಪೀ..." ಎಂದರು. ಹೆಂಡತಿ ಕರೆಯುತ್ತಿದ್ದ ರಾಗವೇ ಬಾಯಿಗೆ ಬಂತು. ಕೆಂಪಿ ಕಣ್ಣು ತೆರೆಯಿತು. ಬಹಳ ಹೊತ್ತು ನೋಡಿತು. ಆಮೇಲೆ ಬೆಚ್ಚನೆಯ ನಾಲಿಗೆ ಅಂಗೈಗೆ ತಾಕಿತು. ಗಂಜಿ ಮುಗಿಯಿತು, ಮಾತ್ರೆಯೂ ಇಳಿಯಿತು. ದೇವರ ಮುಂದೆ ದೀಪ ಇನ್ನೂ ಹಚ್ಚಿರಲಿಲ್ಲ.

ಮಗಳ ಮನೆಯಲ್ಲಿದ್ದು ಅಂದೇ ಊರಿಗೆ ಮರಳಿದ್ದ ಪಕ್ಕದ ಮನೆಯ ಕರಿಯಪ್ಪ, ಡೈರಿಗೆ ಹೊರಟವನು ಹಾಲಿನ ಕ್ಯಾನು ಹಿಡಿದೇ ನಿಂತ.

"ಏನಣ್ಣೋ, ಹೊಟ್ಟೆಗೆ ಬಟ್ಟೆ, ಬಾಯಿಗೆ ಗಂಜಿ! ಬಾಣಂತನ ಜೋರಾಗೈತೆ. ಎಷ್ಟು ಮರಿ ಹಾಕ್ತು? ಒಂದು ನಂಗೇ ಅಂತ ವರಲಕ್ಷ್ಮಕ್ಕ ಮಾತು ಕೊಟ್ಟಿದ್ರು, ಮರ್ತ್ಬುಟ್ಟೀಯ!"

ಮಮತಾ ಏನೋ ಹೇಳಲು ಹೋದಳು. ಮಾವ ಮೊದಲೇ ಮಾತಾಡಿದರು.

"ಒಂದೇ ಕಣಪ್ಪ."

"ಎಲ್ಲೈತೆ? ತೋರ್ಸು."

ನಂಜುಂಡಯ್ಯನವರು ತೊಡೆಯ ಮೇಲಿದ್ದ ಕೆಂಪಿಯ ತಲೆಯನ್ನು ಅಂಗೈಯಿಂದ ಮುಚ್ಚಿದರು.

"ಒಸಿ ಮೆತ್ತಗೆ ಮಾತಾಡು. ಈಗ್ತಾನೆ ನಿದ್ದೆ ಹತ್ತೈತೆ."