ಹಳ್ಳದ ನೀರು

ತಂಗಿಯ ಮನೆಯ ಮುಂದೆ ಕುದುರೆಯಿಂದ ಇಳಿದಾಗಲೂ ಯಜಮಾನನ ಸಿಟ್ಟು ಇಳಿದಿರಲಿಲ್ಲ. ಕಣ್ಣು ಹಾಯುವಷ್ಟು ದೂರ ಮೇಯುತ್ತಿದ್ದ ದನಗಳೆಲ್ಲ ಅವನವೇ. ಹಳ್ಳದುದ್ದಕ್ಕೂ ಅವನು ಹಾಕಿಸಿದ್ದ ತಂತಿ ಬೇಲಿಯನ್ನು ತಂಗಿಯ ಗಂಡ ಮತ್ತೆ ಕತ್ತರಿಸಿ, ತನ್ನ ನಾಲ್ಕಾರು ಹಸುಗಳಿಗೆ ನೀರು ಕುಡಿಸಿದ್ದ. ಅವನಿಗೆ ಸ್ವಲ್ಪ ಬಿಸಿ ಮುಟ್ಟಿಸಿ ಬನ್ನಿ ಎಂದು ಯಜಮಾನ ಬೆಳಿಗ್ಗೆ ತನ್ನ ಕೋವಿಯವರನ್ನು ಕಳಿಸಿದ್ದ. ಹೋದವರು ಸುದ್ದಿ ಹೇಳಲು ಬಾರದೆ ನೇರವಾಗಿ ಬೇಲಿ ಕಾಯಲು ಹೋಗಿದ್ದರು. ಭಾವಮೈದುನ ಇಷ್ಟೊತ್ತಿಗೆ ಮೆತ್ತಗಾಗಿರುತ್ತಾನೆ, ಜಾಗ ಮಾರಿ ಹೊರಡಲು ಒಪ್ಪುತ್ತಾನೆ ಎಂದುಕೊಂಡೇ ಅವನು ಬಂದಿದ್ದ.

ತಂಗಿ ಹೊಸ್ತಿಲ ಮೇಲೆ ಕೂತಿದ್ದಳು. ಅಣ್ಣನನ್ನು ನೋಡಿ ಏಳಲಿಲ್ಲ, ಬಾ ಎನ್ನಲಿಲ್ಲ.

"ಎಲ್ಲಿ ನಿನ್ನ ಗಂಡ?"

"ಒಳಗೆ ಮಲಗಿದಾರೆ."

"ಹಗಲು ಹೊತ್ತಲ್ಲಿ ಎಂಥಾ ನಿದ್ದೆ?" ಎನ್ನುತ್ತ ಅವನು ಅವಳನ್ನು ದಾಟಿ ಒಳಗೆ ಹೋದ.

ಊಟದ ಮೇಜಿನ ಮೇಲೆ ಮಲಗಿಸಿದ್ದಳು. ಉದ್ದದ ಆಳು, ಮೇಜು ಸಾಲದೆ ಕಾಲಡಿಗೆ ಸ್ಟೂಲು ಕೊಟ್ಟಿದ್ದಳು. ಬೂಟಿನ ತುಂಬ ಹಳ್ಳದ ಕೆಸರು. ಅಂಗಿಯ ಎದೆ ರಕ್ತ ಒಣಗಿ ರಟ್ಟಿನಂತಾಗಿತ್ತು. ಕೆಸರಿನಲ್ಲಿ ಹೂತ ಕರುವನ್ನು ಎಳೆಯುತ್ತಿದ್ದಾಗ ಗುಂಡು ಹೊಡೆದರೆಂದು, ಕೈಯಲ್ಲಿ ಹಗ್ಗ ಬಿಟ್ಟು ಬೇರೇನೂ ಇರಲಿಲ್ಲವೆಂದು ತಂಗಿ ಕೂತಲ್ಲಿಂದಲೇ ಹೇಳಿದಳು. ಬೇರೆ ಯಾರದೋ ಮನೆಯ ವಿಷಯ ಹೇಳಿದಂತಿತ್ತು.

ಯಜಮಾನ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಈ ಹುಡುಗನನ್ನು ಆಳಾಗಿ ಕರೆತಂದು, ಕುದುರೆ ಸವಾರಿ ಕಲಿಸಿ, ಮೆಚ್ಚಿ ತಂಗಿಯನ್ನು ಕೊಟ್ಟವನು ಅವನೇ. ತಾನು ಹೇಳಿದ್ದು ಹೆದರಿಸಿ ಬರಲು ಮಾತ್ರ, ಇಷ್ಟು ದೂರ ಹೋಗುತ್ತಾರೆಂದು ಕನಸಲ್ಲೂ ಎಣಿಸಿರಲಿಲ್ಲ ಎಂದು ತೊದಲಿದ.

"ಬರೀ ಹೆದರಿಸೋದಾಗಿದ್ರೆ ನೀನೇ ಬರ್ತಿದ್ದೆ ಅಣ್ಣ. ಚಿಕ್ಕವಳಿದ್ದಾಗಿಂದ ನಿನಗೆ ಹೆದರಿಕೊಂಡೇ ಬೆಳೆದೋಳು ನಾನು."

ಅವಳು ಎದ್ದು ಎರಡು ಖಾಲಿ ಬಕೆಟ್ ಎತ್ತಿಕೊಂಡಳು.

"ಅವರ ಮೈ ತೊಳೀಬೇಕು. ಮನೇಲಿ ತೊಟ್ಟು ನೀರಿಲ್ಲ. ಹಳ್ಳದಿಂದ ತಗೋಬಹುದಾ?"

ಉತ್ತರಕ್ಕೆ ಅವಳು ಕಾಯಲಿಲ್ಲ, ಇಳಿಜಾರಿನಲ್ಲಿ ನಡೆದುಬಿಟ್ಟಳು. ಬೇಲಿಯ ಬಳಿ ಕೂತಿದ್ದ ಇಬ್ಬರು ಎದ್ದು ನಿಂತರು. ಆ ಮನೆಯ ಕಡೆಯವರನ್ನು ನೀರಿನ ಹತ್ತಿರ ಸೇರಿಸಬೇಡಿ ಎಂಬುದು ಅವನದೇ ಅಪ್ಪಣೆ. ಇಳಿಬಿಸಿಲು ಅವರ ಕಣ್ಣಿಗೇ ಹೊಡೆಯುತ್ತಿತ್ತು. ಬರುತ್ತಿರುವುದು ಗಂಡೋ ಹೆಣ್ಣೋ ಅವರಿಗೆ ಕಾಣುವಂತಿರಲಿಲ್ಲ. ಯಜಮಾನ ಕೂಗಿದ. ಎದುರುಗಾಳಿ ಕೂಗನ್ನು ಅವನ ಬಾಯಿಗೇ ತುರುಕಿತು. ಕೋವಿಗಳು ಮೇಲೆದ್ದವು.

ಅವನು ಓಡಿದ. ತಂಗಿಯನ್ನು ಹಿಂದೆ ಹಾಕಿ, ಅವಳಿಗೆ ಅಡ್ಡವಾಗಿ, ಎರಡೂ ಕೈ ಮೇಲೆತ್ತಿಕೊಂಡು ತನ್ನದೇ ಕೋವಿಗಳ ಎದುರಿಗೆ ಒಂದೊಂದೇ ಹೆಜ್ಜೆ ಇಡತೊಡಗಿದ. ಹಿಂದೆ ಖಾಲಿ ಬಕೆಟ್‌ಗಳ ಸದ್ದು ಬರುತ್ತಲೇ ಇತ್ತು. ಅವಳು ನಡಿಗೆ ನಿಧಾನ ಮಾಡಿರಲಿಲ್ಲ.