ಊರು ತೋರಿಸುವವನು

"ಗಣಿ ಅಗೆಯೋ ಆಸೆ ಇದ್ರೆ ಬೆಟ್ಟ ಹತ್ತಿ ಕ್ಲೌಸ್ಟಾಲ್‌ಗೆ ಹೋಗಿ. ಮೇಷ್ಟ್ರಾಗಬೇಕು ಅಂದ್ರೆ ಹಿಲ್ಡೆಸ್‌ಹೈಮ್ ಇದೆ. ಏನಾಗಬೇಕು ಅಂತಾನೇ ಗೊತ್ತಿಲ್ಲದೋರು ಇಲ್ಲಿಗೇ, ಗ್ಯೋಟಿಂಗೆನ್‌ಗೆ ಬನ್ನಿ. ನಾವು ಯಾರನ್ನೂ ಏನೂ ಕೇಳಲ್ಲ."

ಹೆನಿಂಗ್ ತನ್ನ ಮಾಮೂಲಿ ತಮಾಷೆ ಮುಗಿಸಿದಾಗ ಗುಂಪಿನ ಹಿಂದಿನಿಂದ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನ ಅಪ್ಪ. ಪಕ್ಕದಲ್ಲಿ ತಂಗಿ ಮೈಕೆ ನಿಂತಿದ್ದಳು. ಶಾಲೆ ಮುಗಿಸಲಿರುವ ಮಕ್ಕಳಿಗೂ ಅವರ ಹೆತ್ತವರಿಗೂ ವಿಶ್ವವಿದ್ಯಾಲಯದವರು ಊರು ತೋರಿಸುವ ದಿನ ಅದು. "ಹೇಳದೇ ಬಂದ್ವಿ, ಹುಡುಗಾ. ನಿನ್ನ ಪಾಡಿಗೆ ನೀನು ಮಾತಾಡು, ನಾವಿಲ್ಲ ಅಂದ್ಕೋ," ಎಂದ ಅಪ್ಪ. ಆಮೇಲೆ ಪಕ್ಕದವರ ಕಡೆ ತಿರುಗಿ, "ನನ್ನ ಮಗ. ಇಲ್ಲೇ ಮೆಡಿಕಲ್ ಓದ್ತಿದ್ದಾನೆ. ನಾನು ಮನೆಗಳಿಗೆ ಚಾವಣಿ ಹೊದಿಸೋನು, ಇವನು ಹೊಟ್ಟೆಗಳಿಗೆ ಹೊಲಿಗೆ ಹಾಕೋನು," ಎಂದು ಪರಿಚಯಿಸಿದ.

ಕಳೆದ ತಿಂಗಳು ಹೆನಿಂಗ್ ಮೌಖಿಕ ಪರೀಕ್ಷೆಯಲ್ಲಿ ಮೂರನೇ ಸಲವೂ ತೇರ್ಗಡೆಯಾಗಿರಲಿಲ್ಲ. ಇನ್ನು ಈ ದೇಶದ ಯಾವ ಊರಿನಲ್ಲೂ ಅವನು ವೈದ್ಯಕೀಯ ಓದುವಂತಿಲ್ಲ. ಮನೆಗೆ ಫೋನ್ ಮಾಡಿದಾಗಲೆಲ್ಲ ಅವನು ಹವೆಯ ಬಗ್ಗೆ ಮಾತಾಡಿದ್ದ. ಊರು ತೋರಿಸುವ ಕೆಲಸ ಚಳಿಗಾಲದಲ್ಲೇ ಒಪ್ಪಿಕೊಂಡದ್ದು. ಬಿಡಬೇಕಾದರೆ ಯಾರಿಗಾದರೂ ಕಾರಣ ಹೇಳಬೇಕಿತ್ತು.

ವಿದ್ಯಾರ್ಥಿಗಳ ಭೋಜನಶಾಲೆಯ ಮುಂದೆ ಒಬ್ಬ ತಾಯಿ ಕೇಳಿದಳು: "ಪರೀಕ್ಷೇಲಿ ಫೇಲಾದ್ರೆ?"

"ಮತ್ತೆ ಎರಡು ಸಲ ಕೂರಬಹುದು. ಮೂರನೇ ಸಲವೂ ಆಗಲಿಲ್ಲ ಅಂದ್ರೆ ಆ ವಿಷಯ ಅಲ್ಲಿಗೆ ಮುಗೀತು. ಬೇರೆ ಊರಿಗೆ ಹೋದ್ರೂ ಸೇರಿಸ್ಕೊಳ್ಳಲ್ಲ."

"ಅದೇ ಸರಿ," ಎಂದ ಅಪ್ಪ. "ಮೂರು ಸಲ ಕೊಟ್ರೂ ಆಗದವನ ಕೈಗೆ ನನ್ನ ಹೊಟ್ಟೆ ಕೊಡ್ತೀನಾ? ನಮ್ಮ ಕಸುಬಲ್ಲಿ ಎರಡನೇ ಸಲಾನೂ ಇಲ್ಲ ನೋಡಿ. ಮೊದಲನೇ ಸಲ ಜಾರಿದ್ರೇ ಕೆಳಗಿರ್ತೀವಿ."

ಎಲ್ಲರೂ ನಕ್ಕರು. ಹೆನಿಂಗನೂ ನಕ್ಕ. ಊರು ತೋರಿಸುವವನು ಜನ ನಕ್ಕಾಗ ನಗಬೇಕು.

ಹಳೆಯ ಕೋಟೆಗೋಡೆಯ ಮೇಲಿನ ದಾರಿಯಲ್ಲಿ ಮೈಕೆ ಅವನ ಜೊತೆ ಹೆಜ್ಜೆ ಹಾಕಿದಳು. "ನಂಗೆ ಕೆಮಿಸ್ಟ್ರಿ ತಲೆಗೇ ಹತ್ತಲ್ಲ, ಹೆನಿಂಗ್. ಪಪ್ಪಾ ಕೇಳಲ್ಲ. ಹೆನಿಂಗ್ ದಾಟಿಲ್ವಾ, ನೀನೂ ದಾಟ್ತೀಯ ಅಂತಾರೆ. ಸೋಮವಾರ ಮೆಡಿಕಲ್‌ಗೆ ಅರ್ಜಿ ಹಾಕ್ಬೇಕಂತೆ."

"ನಿಂಗೇನು ಬೇಕು?"

"ಅದನ್ನ ಯಾರು ಕೇಳಿದ್ರು? ನೀನಿದ್ದೀಯಲ್ಲ ಅನ್ನೋದೊಂದೇ ಧೈರ್ಯ. ನಿಜ ಹೇಳು, ತುಂಬ ಕಷ್ಟನಾ?"

ಅವನು ಬಾಯಿ ತೆರೆದ. ಎದುರಿನಿಂದ ಸೈಕಲ್ಲೊಂದು ಬಂತು. ಇಬ್ಬರೂ ಸರಿದು ದಾರಿ ಬಿಟ್ಟರು. ಸೈಕಲ್ ಹೋದ ಮೇಲೆ ಅವನು ಗುಂಪಿನ ಮುಂದಕ್ಕೆ ನಡೆದು ಕೋಟೆಗೋಡೆಯ ಕತೆ ಹೇಳತೊಡಗಿದ.

ಸುತ್ತಾಟ ಮುಗಿಯುವುದು ಮಾರುಕಟ್ಟೆ ಚೌಕದ ಕಾರಂಜಿಯ ಹತ್ತಿರ. ಅದರ ನಡುವೆ ಹೆಬ್ಬಾತುಗಳನ್ನು ಹಿಡಿದ ಕಂಚಿನ ಹುಡುಗಿ. ಈ ಊರಿನಲ್ಲಿ ಡಾಕ್ಟರ್ ಪದವಿ ಪಡೆದವರನ್ನು ಗೆಳೆಯರು ಗಾಡಿಯಲ್ಲಿ ಕೂರಿಸಿ ಎಳೆದು ತರುತ್ತಾರೆ. ಅವರು ಕಾರಂಜಿ ಹತ್ತಿ ಅವಳಿಗೆ ಹೂ ಕೊಟ್ಟು ಮುತ್ತಿಡುತ್ತಾರೆ. ಯಾರೋ ಕೊಟ್ಟುಹೋದ ಹೂಗಳು ಅವಳ ತೋಳಿನಲ್ಲಿ ಬಾಡಿದ್ದವು.

"ಹತ್ತು, ಹುಡುಗಾ," ಅಪ್ಪ ಫೋನ್ ತೆಗೆದ. "ಒಂದು ಫೋಟೋ. ನನ್ನ ವರ್ಕ್‌ಶಾಪ್ ಗೋಡೆಗೆ ಹಾಕ್ತೀನಿ."

"ಪಪ್ಪಾ, ಅದು ಡಾಕ್ಟರ್ ಆದ್ಮೇಲೆ."

"ಆಗ್ದೇ ಎಲ್ಲಿಗೆ ಹೋಗ್ತೀಯ? ಮುಂಗಡ ಅಂದ್ಕೋ. ಅವಳೇನು ಬೇಡ ಅಂತಾಳಾ?"

ಜನ ನಕ್ಕು ಚಪ್ಪಾಳೆ ತಟ್ಟಿದರು. ಹೆನಿಂಗ್ ಕಟ್ಟೆಯ ಮೇಲೆ ಕಾಲಿಟ್ಟ, ಕಬ್ಬಿಣದ ಕಂಬಿ ಹಿಡಿದ. ಮೈ ಮೇಲೆತ್ತುವ ಮುನ್ನ ಒಮ್ಮೆ ಕೆಳಗೆ ನೋಡಿದ. ಮೈಕೆ ಕಂಚಿನ ಹುಡುಗಿಯನ್ನು ನೋಡುತ್ತಿರಲಿಲ್ಲ. ಅವನು ಎಲ್ಲೆಲ್ಲಿ ಕಾಲಿಡುತ್ತಾನೆ ಎಂದು ಗಮನಿಸುತ್ತಿದ್ದಳು, ಮುಂದೊಂದು ದಿನ ತಾನೂ ಹತ್ತಲೇಬೇಕಾದವಳ ಹಾಗೆ.

ಅವನು ಕಾಲು ಕೆಳಗಿಳಿಸಿದ. ಬೆಳಗಿನಿಂದ ಮಾತಾಡಿದ ಅದೇ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಇವಳಿಗೆ ಮುತ್ತು ಕೊಡೋರು ಓದು ದಾಟಿದೋರು. ನಾನು ದಾಟಿಲ್ಲ. ಹೋದ ತಿಂಗಳು ನಂದು ಮೂರನೇ ಸಲ. ಮುಗೀತು." ಕೈಯೆತ್ತಿ ದಾರಿ ತೋರಿಸಿದ. "ಸ್ಟೇಷನ್ನಿಗೆ ಹೋಗೋರು ಎಡಗಡೆ ಬೀದಿ ಹಿಡೀರಿ. ಬಂದಿದ್ದಕ್ಕೆ ಧನ್ಯವಾದ."

ಯಾರೂ ತಕ್ಷಣ ಹೊರಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ, ಸಾವಿನ ಮನೆಯಿಂದ ಹೊರಡುವವರಂತೆ, ವಿದಾಯ ಹೇಳದೆ ಸರಿದರು. ಮೈಕೆ ಬಂದು ಅಣ್ಣನ ಪಕ್ಕ ನಿಂತಳು.

"ಪಪ್ಪಾ, ಫೋನ್ ಇಳಿಸಿ," ಎಂದಳು.

ಅಪ್ಪ ಇಳಿಸಲಿಲ್ಲ. ಫೋಟೋ ತೆಗೆಯುವವನಂತೆ ಅದನ್ನು ಮುಖದ ಮುಂದೆಯೇ ಹಿಡಿದು ನಿಂತಿದ್ದ. ಅದರ ಹಿಂದಿನ ಮುಖ ಅವರಿಬ್ಬರಿಗೂ ಕಾಣುತ್ತಿರಲಿಲ್ಲ.